ಬಾಡಿಗೆಯೇ ಸಾಲದ ಕಂತು ಕಟ್ಟುತ್ತದೆಯೆ?

ಪ್ರಶ್ನೆ: ನನಗೆ 38 ವರ್ಷ. ವಾಸದ ಮನೆಯ ಸಾಲ ತೀರಿದೆ, ಕೈಯಲ್ಲಿ 25 ಲಕ್ಷ ರೂಪಾಯಿ ಇದೆ. ಬೆಂಗಳೂರಿನಲ್ಲಿ 75 ಲಕ್ಷದ ಫ್ಲ್ಯಾಟ್ ಕೊಂಡು ಬಾಡಿಗೆಗೆ ಕೊಡೋಣವೆಂದಿದ್ದೇನೆ. ‘ಆದಷ್ಟು ಹೆಚ್ಚು ಸಾಲ ತೆಗೆದುಕೊಳ್ಳಿ, ಬಾಡಿಗೆಯೇ ಕಂತು ಕಟ್ಟುತ್ತದೆ, ತೆರಿಗೆಯೂ ಉಳಿಯುತ್ತದೆ’ ಎಂದು ಎಲ್ಲರೂ ಹೇಳುತ್ತಾರೆ. ಎಷ್ಟು ಸಾಲ ಮಾಡುವುದು ಸರಿ?

ಉತ್ತರ: ಇಂದಿನ ಬೆಲೆಯಲ್ಲಿ ಇಂದಿನ ಬಾಡಿಗೆ ಕಂತು ಕಟ್ಟುವುದಿಲ್ಲ. ಕಂತಿನ ಮಾತಿರಲಿ, ಖರ್ಚು ಕಳೆದರೆ ಬಡ್ಡಿಯ ಅರ್ಧವೂ ಬಾಡಿಗೆಯಿಂದ ಹುಟ್ಟುವುದಿಲ್ಲ. ನಿಮ್ಮ ಅಂಕಿಗಳನ್ನೇ ಹಿಡಿದು ನೋಡೋಣ.

ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದಿಂದ 75 ಲಕ್ಷದವರೆಗಿನ ಗೃಹಸಾಲ ಮನೆಯ ಬೆಲೆಯ ಶೇ 80ನ್ನು ಮೀರುವಂತಿಲ್ಲ. ಹಾಗಾಗಿ ನಿಮಗೆ ಸಿಗುವುದು ಹೆಚ್ಚೆಂದರೆ 60 ಲಕ್ಷ. ಉಳಿದ 15 ಲಕ್ಷ ನಿಮ್ಮದು. ಇದರ ಮೇಲೆ ಮುದ್ರಾಂಕ ಶುಲ್ಕ, ಸೆಸ್, ಸರ್‌ಚಾರ್ಜ್ ಸೇರಿ ಶೇ 5.6, ನೋಂದಣಿ ಶುಲ್ಕ ಶೇ 2. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಎರಡು ಪಟ್ಟಾಗಿದೆ. ಹಳೆಯ ಲೆಕ್ಕ ಇಟ್ಟುಕೊಂಡು ಹೋದವರು ಉಪನೋಂದಣಾಧಿಕಾರಿ ಕಚೇರಿಯಲ್ಲಿ ಪರದಾಡಬೇಕಾಗುತ್ತದೆ. ಒಟ್ಟು 5.70 ಲಕ್ಷ. ಸಾಲದ ಮಿತಿ ಲೆಕ್ಕ ಹಾಕುವಾಗ ಬ್ಯಾಂಕು ಇದನ್ನು ಮನೆಯ ಬೆಲೆಗೆ ಸೇರಿಸುವುದಿಲ್ಲ. ಅಲ್ಲಿಗೆ ನಿಮ್ಮ 25 ಲಕ್ಷದಲ್ಲಿ 20.70 ಲಕ್ಷ ಹೋಯಿತು.

ಬಡ್ಡಿ ಶೇ 8, ಅವಧಿ 20 ವರ್ಷ ಎಂದಿಟ್ಟುಕೊಂಡರೆ ತಿಂಗಳ ಕಂತು ಸುಮಾರು 50,200 ರೂಪಾಯಿ. ಅಂಥ ಫ್ಲ್ಯಾಟಿಗೆ ನಿರ್ವಹಣಾ ಶುಲ್ಕವೂ ಸೇರಿ 22 ಸಾವಿರ ಬಾಡಿಗೆ ಬರುತ್ತದೆ ಎನ್ನೋಣ. ಅದರಲ್ಲಿ ನಿರ್ವಹಣೆಗೆ 3,500, ವರ್ಷಕ್ಕೊಂದು ತಿಂಗಳು ಮನೆ ಖಾಲಿ ಬಿದ್ದರೆ ತಿಂಗಳಿಗೆ 1,800, ಆಸ್ತಿ ತೆರಿಗೆ ಮತ್ತು ಸುಣ್ಣಬಣ್ಣಕ್ಕೆ 700 ಕಳೆಯಿರಿ. ಉಳಿಯುವುದು 16 ಸಾವಿರ. ಪ್ರತಿ ತಿಂಗಳೂ ನಿಮ್ಮ ಸಂಬಳದಿಂದ 34 ಸಾವಿರ ಹೋಗಬೇಕು.

ಇದರಲ್ಲಿ ಸುಮಾರು 10 ಸಾವಿರ ಅಸಲಿಗೆ ಜಮೆಯಾಗುತ್ತದೆ, ಅದು ನಿಮ್ಮ ಉಳಿತಾಯವೇ. ಉಳಿದ 24 ಸಾವಿರ ಬರೀ ಬಡ್ಡಿ. ವರ್ಷಕ್ಕೆ 2.88 ಲಕ್ಷ. ಮನೆಯಲ್ಲಿ ಹೂಡಿದ 20.70 ಲಕ್ಷ ಶೇ 6.5ರ ಠೇವಣಿಯಲ್ಲಿದ್ದರೆ ಬರುತ್ತಿದ್ದ 1.35 ಲಕ್ಷವನ್ನೂ ಸೇರಿಸಿ. ಒಟ್ಟು 4.23 ಲಕ್ಷ. ಅಂದರೆ 75 ಲಕ್ಷದ ಮನೆಯ ಬೆಲೆ ವರ್ಷಕ್ಕೆ ಶೇ 5.6ರಷ್ಟು ಏರಿದರೆ ನೀವು ಇದ್ದಲ್ಲೇ ಇರುತ್ತೀರಿ. ನೋಂದಣಿಗೆ ಹೋದ ಹಣವಾಗಲಿ, ಮಾರುವಾಗ ಕಟ್ಟಬೇಕಾದ ಶೇ 12.5ರ ಬಂಡವಾಳ ಲಾಭ ತೆರಿಗೆಯಾಗಲಿ ಇದರಲ್ಲಿ ಸೇರಿಲ್ಲ. ಬೆಲೆ ಅದಕ್ಕಿಂತ ಹೆಚ್ಚು ಏರಲೂಬಹುದು. ಆದರೆ ಅದು ಬಾಡಿಗೆ ವ್ಯವಹಾರವಲ್ಲ, ಸಾಲದ ಹಣದಲ್ಲಿ ಬೆಲೆಯ ಮೇಲೆ ಕಟ್ಟಿದ ಬಾಜಿ. ಹಾಗೆಂದು ತಿಳಿದೇ ಮಾಡಿ.

ತೆರಿಗೆಯ ಮಾತು ಹಳೆಯದಾಗಿದೆ. ಹಳೆಯ ತೆರಿಗೆ ಪದ್ಧತಿಯಲ್ಲಿ ಬಾಡಿಗೆಯನ್ನು ಮೀರಿದ ಬಡ್ಡಿಯಿಂದಾಗುವ ಬಾಡಿಗೆ ಮನೆಯ ನಷ್ಟವನ್ನು ವರ್ಷಕ್ಕೆ 2 ಲಕ್ಷದವರೆಗೆ ಸಂಬಳದಿಂದ ಕಳೆಯಬಹುದು, ಮಿಕ್ಕದ್ದನ್ನು ಎಂಟು ವರ್ಷ ಮುಂದಕ್ಕೊಯ್ಯಬಹುದು. ಹೊಸ ಪದ್ಧತಿಯಲ್ಲಿ ಆ ನಷ್ಟವನ್ನು ಸಂಬಳದಿಂದ ಕಳೆಯುವಂತಿಲ್ಲ. ನೀವು ಹೊಸ ಪದ್ಧತಿಯಲ್ಲಿದ್ದರೆ ‘ತೆರಿಗೆ ಉಳಿಯುತ್ತದೆ’ ಎಂಬ ಸಲಹೆಯನ್ನು ಪಕ್ಕಕ್ಕಿಡಿ.

ಹಾಗಾದರೆ ಎಷ್ಟು ಸಾಲ? ಖರ್ಚು ಕಳೆದ ಬಾಡಿಗೆ ಕನಿಷ್ಠ ಬಡ್ಡಿಯನ್ನಾದರೂ ಹೊರಬೇಕು ಎಂಬುದು ನನ್ನ ಅಳತೆ. ವರ್ಷಕ್ಕೆ 1.92 ಲಕ್ಷ ಉಳಿಯುವ ಈ ಫ್ಲ್ಯಾಟು ಶೇ 8ರ ಬಡ್ಡಿಯಲ್ಲಿ ಹೊರುವುದು 24 ಲಕ್ಷದ ಸಾಲವನ್ನು ಮಾತ್ರ. ಅಷ್ಟು ಕಟ್ಟುನಿಟ್ಟು ಎಲ್ಲರಿಗೂ ಸಾಧ್ಯವಿಲ್ಲ, ಒಪ್ಪುತ್ತೇನೆ. ಆದರೆ 24 ಮತ್ತು 60ರ ನಡುವೆ ನೀವು ಎಲ್ಲಿ ನಿಂತರೂ, ಆ ಅಂತರ ನಿಮ್ಮ ಸಂಬಳದ ಮೇಲೆ ಬಿದ್ದ ಹೊರೆ ಎಂಬುದು ನೆನಪಿರಲಿ. ಬಡ್ಡಿ ಶೇ 9ಕ್ಕೆ ಏರಿದರೆ 60 ಲಕ್ಷದ ಸಾಲದ ಕಂತು ಸುಮಾರು 54 ಸಾವಿರವಾಗುತ್ತದೆ. ಬಡ್ಡಿ ಏರಿದಾಗ ಕಂತು ಹೆಚ್ಚಿಸಬೇಕೋ ಅವಧಿ ಹಿಗ್ಗಿಸಬೇಕೋ ಎಂಬ ಆಯ್ಕೆಯನ್ನು ಬ್ಯಾಂಕು ನಿಮಗೆ ಕೊಡಬೇಕು. 2023ರಲ್ಲೇ ರಿಸರ್ವ್ ಬ್ಯಾಂಕು ಹೀಗೆ ಹೇಳಿದೆ. ಸುಮ್ಮನಿದ್ದರೆ ಅವಧಿ ಹಿಗ್ಗುತ್ತದೆ, ನಿಮ್ಮ ಗಮನಕ್ಕೇ ಬಾರದಂತೆ. ಬದಲಾಗುವ ಬಡ್ಡಿಯ ಗೃಹಸಾಲವನ್ನು ಅವಧಿಗೆ ಮುನ್ನ ತೀರಿಸಿದರೆ ದಂಡವಿಲ್ಲ ಎಂಬುದು ಸಮಾಧಾನದ ಸಂಗತಿ.

‘ಲೀಸ್‌ಗೆ ಕೊಟ್ಟು ಆ ಹಣದಲ್ಲಿ ಸಾಲ ಇಳಿಸಿ’ ಎಂಬ ಸಲಹೆಯೂ ನಿಮ್ಮ ಕಿವಿಗೆ ಬಿದ್ದಿರಬಹುದು. ತಿಂಗಳ ಬಾಡಿಗೆಯ ಬದಲು ಒಟ್ಟಿಗೆ ದೊಡ್ಡ ಮೊತ್ತ ಪಡೆಯುವ ಈ ಭೋಗ್ಯದ ಪದ್ಧತಿ ಬೆಂಗಳೂರಿನಲ್ಲಿ ಚೆನ್ನಾಗಿ ಬೇರೂರಿದೆ. 18 ಲಕ್ಷ ಪಡೆದು ಸಾಲಕ್ಕೆ ಕಟ್ಟಿದರೆ ವರ್ಷಕ್ಕೆ 1.44 ಲಕ್ಷ ಬಡ್ಡಿ ಉಳಿಯುತ್ತದೆ, ಬಾಡಿಗೆಯ ಗೋಜಿಲ್ಲ. ತೊಡಕಿರುವುದು ಎರಡು ಮೂರು ವರ್ಷದ ನಂತರ. ಆ 18 ಲಕ್ಷ ನಿಮ್ಮದಲ್ಲ, ಕರಾರು ಮುಗಿದ ದಿನ ಇಡಿಯಾಗಿ ಹಿಂದಿರುಗಿಸಬೇಕು. ಸಾಲಕ್ಕೆ ಕಟ್ಟಿದ ಹಣವನ್ನು ಬ್ಯಾಂಕು ಮರಳಿ ಕೊಡುವುದಿಲ್ಲ. ಇನ್ನೊಬ್ಬ ಭೋಗ್ಯದಾರ ಸಿಗುವವರೆಗೆ ಮೊದಲನೆಯವರು ಹಣಕ್ಕಾಗಿ ಕಾಯುತ್ತ ಕೂರುತ್ತಾರೆ. ಮನೆ ಬ್ಯಾಂಕಿಗೆ ಅಡಮಾನವಾಗಿರುವುದರಿಂದ ನಿಮ್ಮ ಕಂತು ತಪ್ಪಿದರೆ ಬೀದಿಗೆ ಬೀಳುವುದು ಜೀವಮಾನದ ಉಳಿತಾಯ ಕೊಟ್ಟ ಆ ಕುಟುಂಬ. ಇದು ನ್ಯಾಯವಲ್ಲ ಎಂದು ನಾನು ಖಡಾಖಂಡಿತವಾಗಿ ಹೇಳುತ್ತೇನೆ. ಈ ದಾರಿ ಹಿಡಿಯಲೇಬೇಕಿದ್ದರೆ ಬ್ಯಾಂಕಿನ ಲಿಖಿತ ಒಪ್ಪಿಗೆ ಪಡೆಯಿರಿ, ಓವರ್‌ಡ್ರಾಫ್ಟ್ ಮಾದರಿಯ ಗೃಹಸಾಲ ಆರಿಸಿಕೊಳ್ಳಿ. ಅದರಲ್ಲಿಟ್ಟ ಹೆಚ್ಚುವರಿ ಹಣ ಬಡ್ಡಿಯನ್ನು ತಗ್ಗಿಸುತ್ತದೆ, ಬೇಕಾದಾಗ ಹಿಂದಕ್ಕೂ ಬರುತ್ತದೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ಈ ಫ್ಲ್ಯಾಟನ್ನು ಈಗ ಕೊಳ್ಳುತ್ತಿರಲಿಲ್ಲ. ಕೈಯಿಂದ ಹೋಗಬೇಕಾದ ಆ 34 ಸಾವಿರವನ್ನು ಒಂದು ವರ್ಷ ಆರ್‌ಡಿಗೆ ಕಟ್ಟಿ ನೋಡುತ್ತಿದ್ದೆ. ಮಕ್ಕಳ ಶಾಲೆಯ ಶುಲ್ಕ, ತಂದೆತಾಯಿಯರ ಆಸ್ಪತ್ರೆಯ ಖರ್ಚು ಎಲ್ಲ ನಡೆದೂ ಅಷ್ಟು ಕಟ್ಟಲು ಸಾಧ್ಯವಾದರೆ ಸಾಲ ಹೊರುವ ಶಕ್ತಿ ನಿಮಗಿದೆ, ಜೊತೆಗೆ ನಾಲ್ಕು ಲಕ್ಷ ಕೂಡಿಯೂ ಇರುತ್ತದೆ. ಅಷ್ಟರಲ್ಲಿ ಬೆಲೆ ಏರಿಬಿಟ್ಟರೆ ಎಂಬ ಭಯ ಸಹಜ. ಆದರೆ ವರ್ಷಕ್ಕೆ 2.88 ಲಕ್ಷ ಬಡ್ಡಿ ಕೈಯಿಂದ ಕಟ್ಟುವುದೂ ಏರಿಕೆಯೇ ತಾನೆ?

ಆಗಲೂ ಕೊಳ್ಳುವ ಮನಸ್ಸಿದ್ದರೆ ಪಾಲಿಕೆಯ ಪೂರ್ಣ ಮಾನ್ಯತೆಯಿಲ್ಲದ ಬಿ ಖಾತಾದ ಅಥವಾ ಕಟ್ಟಡ ವಾಸಕ್ಕೆ ಯೋಗ್ಯವೆಂದು ಹೇಳುವ ಸ್ವಾಧೀನಾನುಭವ ಪತ್ರವಿಲ್ಲದ ಫ್ಲ್ಯಾಟು ಅಗ್ಗವೆಂದು ಮನಸೋಲಬೇಡಿ. ಅಂಥವಕ್ಕೆ ಸಾಲ ಕೊಡಲು ಹೆಚ್ಚಿನ ಬ್ಯಾಂಕುಗಳು ಹಿಂಜರಿಯುತ್ತವೆ. ನೀವು ಹೇಗೋ ಹಣ ಹೊಂದಿಸಿ ಕೊಂಡರೂ, ಮಾರುವ ದಿನ ನಿಮ್ಮಿಂದ ಕೊಳ್ಳಲು ಬಂದವರಿಗೆ ಸಾಲ ಸಿಗದೆ ಅವರು ಹಿಂದಿರುಗುತ್ತಾರೆ.