ಜಪ್ತಾದ ಖಾತೆ ಪುಸ್ತಕ ವಾಪಸ್ ಬರುವ ದಾರಿ

ಕಲಬುರಗಿಯ ನೆಹರೂ ಗಂಜ್‌ನ ಅಡತಿ (ದಲ್ಲಾಳಿ) ಅಂಗಡಿಯಲ್ಲಿ ಕಿರ್ದಿ, ಖಾತೆ, ಚೀಟಿಗಳ ಕಟ್ಟು ಇಲ್ಲವೆಂದರೆ ಯಾವ ರೈತನಿಗೆ ಎಷ್ಟು ಮುಂಗಡ ಹೋಗಿದೆ, ಯಾವ ದಾಲ್ ಮಿಲ್‌ನಿಂದ ಎಷ್ಟು ಬರಬೇಕು ಎಂದು ಹೇಳುವುದೇ ಕಷ್ಟ. ತೆರಿಗೆ ಅಧಿಕಾರಿಗಳು ಪಂಚನಾಮೆ ಬರೆದು ಆ ಕಟ್ಟು ಒಯ್ದರೆ, ತೆರಿಗೆ ಎಷ್ಟು ಬೀಳುತ್ತದೋ ಆಮೇಲಿನ ಮಾತು, ಮೊದಲು ವಸೂಲಿ ನಿಲ್ಲುತ್ತದೆ. ಆಗ ಕೋರ್ಟಿನಲ್ಲಿ ಏನು ಕೇಳಬೇಕು ಎಂಬುದು ಮುಖ್ಯ.

‘ಜಪ್ತಿಯೇ ತಪ್ಪು’ ಎಂಬ ವಾದ ಗೆಲ್ಲುವುದು ಸುಲಭವಲ್ಲ. ಶೋಧಿಸಿ ದಾಖಲೆ ಒಯ್ಯುವುದೆಂದರೆ ಒಬ್ಬನಿಂದ ಅವನ ವಿರುದ್ಧವೇ ಸಾಕ್ಷಿ ಹೇಳಿಸಿದಂತಲ್ಲ ಎಂದು 1954ರಲ್ಲೇ ಎಂ.ಪಿ. ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಶೋಧದ ವೇಳೆ ಸಣ್ಣಪುಟ್ಟ ಲೋಪವಾದರೆ ಇಡೀ ದಾಳಿ ಬಿದ್ದುಹೋಗದು ಎಂದು 1969ರ ಸೇಠ್ ಬ್ರದರ್ಸ್ ತೀರ್ಪು ಹೇಳಿತು. ದುರುದ್ದೇಶವಿದ್ದರೆ ಮಾತ್ರ ಬೇರೆ. 1973ರ ಪೂರಣ್‌ಮಲ್ ತೀರ್ಪಿನ ನಂತರ, ಅಕ್ರಮ ಶೋಧದಲ್ಲಿ ಸಿಕ್ಕ ಕಾಗದವೂ ಸಾಕ್ಷ್ಯವಾಗಿ ನಿಂತಿತು. 2017ರ ಪುಟ್ಟಸ್ವಾಮಿ ತೀರ್ಪು ಖಾಸಗಿತನವನ್ನು ಮೂಲಭೂತ ಹಕ್ಕೆಂದಿತು. ಆದರೆ ಆದಾಯ ತೆರಿಗೆ ಕಾಯ್ದೆಗೆ ಅದೇ ವರ್ಷ ಆದ ತಿದ್ದುಪಡಿ, ದಾಳಿಗೆ ಕಾರಣವೇನೆಂದು ವ್ಯಾಪಾರಿಗಾಗಲಿ ಮೇಲ್ಮನವಿ ನ್ಯಾಯಮಂಡಳಿಗಾಗಲಿ ತಿಳಿಸಬೇಕಿಲ್ಲ ಎಂದಿತು.

‘ಪುಸ್ತಕ ಇನ್ನೂ ಯಾಕೆ ಇಟ್ಟುಕೊಂಡಿದ್ದೀರಿ?’ ಎಂಬ ಪ್ರಶ್ನೆಗೆ ಮಾತ್ರ ಬಲವಿದೆ. 1961ರ ಆದಾಯ ತೆರಿಗೆ ಕಾಯ್ದೆಯ (2026ರ ಏಪ್ರಿಲ್‌ನಿಂದ ಅದರ ಜಾಗದಲ್ಲಿ 2025ರ ಕಾಯ್ದೆ) 132ನೇ ಸೆಕ್ಷನ್ ಪ್ರಕಾರ ಗಡುವು ಮೀರಿ ಇಟ್ಟುಕೊಳ್ಳಲು ಲಿಖಿತ ಕಾರಣ, ಮೇಲಧಿಕಾರಿಯ ಒಪ್ಪಿಗೆ ಎರಡೂ ಬೇಕು. ಅವನ್ನು ಪುಸ್ತಕದ ಒಡೆಯನಿಗೂ ತಡಮಾಡದೆ ತಿಳಿಸಬೇಕು, ಇಲ್ಲವಾದರೆ ಇಟ್ಟುಕೊಂಡಿದ್ದೇ ಅಕ್ರಮ ಎಂದು ಓರಿಯಂಟಲ್ ರಬ್ಬರ್ ವರ್ಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಗುಮಾಸ್ತರನ್ನಿಟ್ಟುಕೊಂಡು ಬದುಕುವ ಸಣ್ಣ ವ್ಯಾಪಾರಿಗೆ ಇದಕ್ಕಿಂತ ಉಪಯುಕ್ತ ತೀರ್ಪು ಇನ್ನೊಂದಿಲ್ಲ ಎಂದೇ ನನ್ನ ಅಭಿಪ್ರಾಯ. ಆದರೆ ಜಪ್ತಿಯಿಂದ 180 ದಿನ ಇದ್ದ ಗಡುವು 2002ರಲ್ಲಿ ತೆರಿಗೆ ನಿರ್ಧಾರದ ಆದೇಶವಾದ 30 ದಿನಕ್ಕೆ, 2025ರಲ್ಲಿ ಆದೇಶವಾದ ತ್ರೈಮಾಸಿಕದ ಕೊನೆಯಿಂದ ಒಂದು ತಿಂಗಳಿಗೆ ಬದಲಾಯಿತು. ಆದೇಶ ಬರಲು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಹಿಡಿಯುವುದರಿಂದ ಇದು ವ್ಯಾಪಾರಿಗೆ ಆದ ಅನ್ಯಾಯ. ಜಿಎಸ್‌ಟಿಯಲ್ಲಿ, ತೆರಿಗೆ ಕೇಳುವ ನೋಟಿಸಿಗೆ ಆಧಾರವಾಗದ ದಾಖಲೆಗಳನ್ನು ನೋಟಿಸ್ ಕೊಟ್ಟ 30 ದಿನದೊಳಗೆ ಹಿಂದಿರುಗಿಸಬೇಕು.

ಮೊದಲು ಅಧಿಕಾರಿಗಳ ಕ್ರಮ ಪ್ರಶ್ನಿಸಿ ಹೈಕೋರ್ಟಿಗೆ ಹಾಕುವ ಇಂಥ ರಿಟ್ ಅರ್ಜಿಗೆ ಬೀದರ್, ಯಾದಗಿರಿಯವರೂ ಬೆಂಗಳೂರಿಗೇ ಹೋಗಬೇಕಿತ್ತು. 2008ರಲ್ಲಿ ಕಲಬುರಗಿಗೆ ಹೈಕೋರ್ಟ್ ಸಂಚಾರಿ ಪೀಠ ಬಂತು, 2013ರಲ್ಲಿ ಕಾಯಂ ಆಯಿತು.

ಕೋರ್ಟಿಗಿಂತ ಮೊದಲು ಮಾಡುವ ಕೆಲಸವೊಂದಿದೆ. ಜಪ್ತಾದ ದಾಖಲೆಗಳ ನಕಲು ಪಡೆಯುವ ಹಕ್ಕು ಎರಡೂ ಕಾನೂನಿನಲ್ಲಿದೆ. ಪಂಚನಾಮೆಗೆ ಸಹಿ ಹಾಕುವಾಗಲೇ ಪ್ರತಿ ಪುಸ್ತಕದ ಪುಟಸಂಖ್ಯೆ ಬರೆಸಿ, ನಕಲಿಗೆ ಲಿಖಿತ ಅರ್ಜಿ ಕೊಟ್ಟು, ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಬೇಕು.