ಟೈಟಾನ್ ಆರಮ್ ಅರಳುವಾಗ ನಾವು ಕಾಯುವುದು ಪರಾಗಕ್ಕೆ

"ಯಾವತ್ತು ಅರಳುತ್ತೆ?"

ಟೈಟಾನ್ ಆರಮ್ ಎಂಬ ದೈತ್ಯ ಹೂಗಿಡದ ಮೊಗ್ಗು ಸೊಂಟದೆತ್ತರಕ್ಕೆ ಬಂತು ಅಂದರೆ ಸಾಕು, ನಮ್ಮ ಗಾಜಿನಮನೆಯ ಫೋನಿಗೆ ಬರುವ ಪ್ರಶ್ನೆ ಇದೊಂದೇ. ರಜೆ ಹಾಕಬೇಕು, ದೂರದಿಂದ ಬರಬೇಕು, ಮಕ್ಕಳಿಗೆ ಶಾಲೆ ಇದೆ, ಒಂದು ತಾರೀಕು ಹೇಳಿಬಿಡಿ ಅನ್ನುತ್ತಾರೆ. ನಾವು ಹೇಳುವುದಿಲ್ಲ. ಇದು ದೊಡ್ಡಸ್ತಿಕೆಯಲ್ಲ. ನಂಬಬಹುದಾದ ಸುಳಿವನ್ನು ಗಿಡ ಕೊಡುವುದೇ ಅರಳುವುದಕ್ಕೆ ಒಂದೆರಡು ದಿನ ಮೊದಲು. ಕೆಲವು ಸಲ ಅದೂ ಇಲ್ಲ.

ವಿದೇಶದ ಸಸ್ಯೋದ್ಯಾನವೊಂದರಲ್ಲಿ ಉಷ್ಣವಲಯದ ಗಿಡಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಟೈಟಾನ್ ಆರಮ್ ಮೊಗ್ಗು ಬಿಟ್ಟಾಗ ಜನ ಹೂವಿಗೆ ಕಾಯುತ್ತಾರೆ. ನಾವೂ ಕಾಯುತ್ತೇವೆ. ಆದರೆ ನಮ್ಮ ಕಣ್ಣು ಇರುವುದು ಬೇರೆ ಯಾವುದೋ ಊರಲ್ಲಿ ಅರಳಿದ ಹೂವಿನ ಪರಾಗದ ಮೇಲೆ. ಅದು ಯಾಕೆ ಅಂತ ತಿಳಿಯಬೇಕಾದರೆ ಈ ಗಿಡ ಬದುಕುವ ರೀತಿಯನ್ನು ಸ್ವಲ್ಪ ನೋಡಬೇಕು.

ಇದರ ತವರು ಇಂಡೋನೇಷ್ಯಾದ ಸುಮಾತ್ರಾ ದ್ವೀಪದ ಮಳೆಕಾಡು. ಬೇರೆಲ್ಲೂ ಕಾಡಿನಲ್ಲಿ ಸಿಗುವುದಿಲ್ಲ. 1878ರಲ್ಲಿ ಇಟಲಿಯ ಸಸ್ಯವಿಜ್ಞಾನಿ ಓಡೊಆರ್ಡೊ ಬೆಕ್ಕಾರಿ ಇದನ್ನು ಕಂಡು ಬೀಜಗಳನ್ನು ಫ್ಲಾರೆನ್ಸಿಗೆ ಕಳಿಸಿದರು. ಅಲ್ಲಿ ಮೊಳೆತ ಒಂದು ಸಸಿ ಲಂಡನ್ನಿನ ಕ್ಯೂ ಉದ್ಯಾನಕ್ಕೆ ಹೋಯಿತು. 1889ರಲ್ಲಿ ಅದು ಅರಳಿತು. ಸುಮಾತ್ರಾದ ಹೊರಗೆ ಯಾರಾದರೂ ಈ ಹೂವನ್ನು ನೋಡಿದ್ದು ಅದೇ ಮೊದಲು. ಕ್ಯೂನಲ್ಲಿ ಮತ್ತೆ 1926ರಲ್ಲಿ ಅರಳಿದಾಗ ಜನರನ್ನು ತಡೆಯಲು ಪೊಲೀಸರನ್ನು ಕರೆಸಬೇಕಾಯಿತು. ಅಂದರೆ ಈ ನೂಕುನುಗ್ಗಲು ಮೊಬೈಲ್ ಕಾಲದ್ದೇನಲ್ಲ.

ಜಗತ್ತಿನ ಅತಿ ದೊಡ್ಡ ಹೂವು ರಫ್ಲೇಸಿಯಾ ಅಲ್ವಾ ಅಂತ ಕೇಳುವವರಿದ್ದಾರೆ. ಹೌದು, ಒಂಟಿ ಹೂವಿನ ಲೆಕ್ಕದಲ್ಲಿ ಅದೇ. ಟೈಟಾನ್ ಆರಮ್ ನಿಜವಾಗಿ ಒಂದು ಹೂಗೊಂಚಲು. ನಡುವೆ ನಿಂತ ದಿಂಡಿನ ಬುಡದಲ್ಲಿ ನೂರಾರು ಪುಟ್ಟ ಹೂಗಳು ಅಡಗಿರುತ್ತವೆ, ಸುತ್ತ ಒಂದು ದೊಡ್ಡ ನೆರಿಗೆಯ ಹೊದಿಕೆ. ಎಲ್ಲ ಸೇರಿ ಮೂರು ಮೀಟರ್ ದಾಟಿದ ದಾಖಲೆಗಳಿವೆ. ಕವಲೊಡೆಯದ ಹೂಗೊಂಚಲುಗಳಲ್ಲಿ ಇದೇ ದೊಡ್ಡದು. ಕವಲೊಡೆಯುವವುಗಳಲ್ಲಿ ದೊಡ್ಡದು ನಮ್ಮ ಕರಾವಳಿಯಲ್ಲೂ ಇರುವ ಶ್ರೀತಾಳೆ ಮರದ್ದು. ಅದು ಹತ್ತಾರು ವರ್ಷ ಬೆಳೆದು, ಒಂದೇ ಸಲ ಹೂ ಬಿಟ್ಟು, ಸತ್ತೇ ಹೋಗುತ್ತದೆ. ಟೈಟಾನ್ ಅಷ್ಟು ಕಟ್ಟುನಿಟ್ಟಿನದಲ್ಲ, ಮತ್ತೆ ಮತ್ತೆ ಅರಳಬಲ್ಲದು.

ಹೂವಿನ ಸುದ್ದಿ ಓದುವವರಿಗೆ ಎಲೆಯ ಸುದ್ದಿ ಯಾರೂ ಹೇಳುವುದಿಲ್ಲ. ಗಿಡದ ನಿಜವಾದ ದುಡಿಮೆಯೆಲ್ಲ ಎಲೆಯದ್ದು. ಒಂದು ಸಲಕ್ಕೆ ಒಂದೇ ಎಲೆ. ಆದರೆ ಅದು ಆರು ಮೀಟರ್ ಎತ್ತರಕ್ಕೂ ಹೋಗಬಹುದು. ದಪ್ಪ ತೊಟ್ಟು, ಅದರ ಮೇಲೆ ಕೊಡೆಯ ಹಾಗೆ ಹರಡಿದ ಸೀಳುಗಳು. ನೋಡಿದವರು ಮರ ಅಂತಲೇ ಅಂದುಕೊಳ್ಳುತ್ತಾರೆ. ವರ್ಷ, ಒಂದೂವರೆ ವರ್ಷ ಬಿಸಿಲು ಕುಡಿದು ನೆಲದೊಳಗಿನ ಗಡ್ಡೆಗೆ ಪಿಷ್ಟ ತುಂಬಿಸಿ ಎಲೆ ಹಳದಿಯಾಗಿ ಬೀಳುತ್ತದೆ. ಗಡ್ಡೆ ಕೆಲವು ತಿಂಗಳು ಸುಮ್ನೆ ಮಲಗುತ್ತದೆ. ಎದ್ದಾಗ ಮತ್ತೆ ಎಲೆ. ಹೀಗೆ ಏಳು, ಎಂಟು, ಹತ್ತು ವರ್ಷ. ಎಡಿನ್‌ಬರೊದ ರಾಯಲ್ ಬೊಟಾನಿಕ್ ಗಾರ್ಡನ್‌ಗೆ ಬಂದಾಗ ಕಿತ್ತಳೆ ಹಣ್ಣಿನಷ್ಟಿದ್ದ ಒಂದು ಗಡ್ಡೆ 2010ರಲ್ಲಿ ತೂಗಿದಾಗ 153.9 ಕೆಜಿ ಇತ್ತು. ಅಷ್ಟಾದರೂ ಅದು ಮೊದಲ ಹೂವು ಬಿಟ್ಟದ್ದು 2015ರಲ್ಲಿ.

ಗಡ್ಡೆ ಮಲಗಿದ ಹೊತ್ತೇ ಕುಂಡ ಬದಲಿಸುವ ಹೊತ್ತು. ಇಡೀ ವರ್ಷದಲ್ಲಿ ನನಗೆ ಜಾಸ್ತಿ ಭಯ ಇರುವುದು ಆ ದಿನ, ಹೂವಿನ ದಿನವಲ್ಲ. ಕ್ರೇನಿನ ಪಟ್ಟಿ ಹಾಕಿ ಎತ್ತುವಾಗ ಗಡ್ಡೆಯ ಸಿಪ್ಪೆಗೆ ಉಗುರಿನಷ್ಟು ಗಾಯವಾದರೂ ಕೊಳೆ ಅಲ್ಲಿಂದಲೇ ಶುರು. ಒಳಗೆ ಕೊಳೆತರೂ ಮೇಲೆ ಗೊತ್ತಾಗುವುದಿಲ್ಲ.

ಇನ್ನು ಮೊಗ್ಗು. ಮಣ್ಣು ಸೀಳಿಕೊಂಡು ಒಂದು ಮೊನಚು ತುದಿ ಬರುತ್ತದೆ. ಅದು ಎಲೆಯೋ ಹೂವೋ ಅಂತ ಮೊದಲ ಕೆಲವು ವಾರ ಹೇಳುವುದು ಕಷ್ಟ. ಎರಡೂ ಒಂದೇ ಥರದ ಪೊರೆ ಹೊದ್ದು ಬರುತ್ತವೆ. ಎಲೆಯ ಮೊಳಕೆ ನೆಟ್ಟಗೆ, ಸಪೂರವಾಗಿ ಏರುತ್ತದೆ. ಹೂವಿನದ್ದು ಬುಡದಲ್ಲಿ ಒಂದು ಪಕ್ಕಕ್ಕೆ ಉಬ್ಬುತ್ತದೆ. ಕೈಯಿಂದ ಮೆಲ್ಲಗೆ ಒತ್ತಿ ನೋಡುವವರೂ ಇದ್ದಾರೆ. ನಾನು ಬಿಡುವುದಿಲ್ಲ. ಎರಡು ವಾರ ತಡೆದರೆ ಗಿಡವೇ ಹೇಳುತ್ತದೆ.

ಹೂವು ಅಂತ ಖಾತ್ರಿಯಾದ ಮೇಲೆ ಅಳತೆ ಶುರು. ದಿನಾ ಬೆಳಿಗ್ಗೆ ಅದೇ ಹೊತ್ತಿಗೆ, ಕುಂಡದ ಅಂಚಿನ ಅದೇ ಗುರುತಿನಿಂದ. ಒಳ್ಳೆ ಬೆಳವಣಿಗೆ ಇದ್ದಾಗ ದಿನಕ್ಕೆ ಹತ್ತು ಸೆಂಟಿಮೀಟರ್‌ಗಿಂತ ಹೆಚ್ಚು ಏರುತ್ತದೆ. ಜನ ಆ ಅಂಕಿ ನೋಡಿ ಖುಷಿಪಡುತ್ತಾರೆ. ನಾವು ಕಾಯುವುದು ಅಂಕಿ ಇಳಿಯುವುದನ್ನು. ಹತ್ತು, ಏಳು, ನಾಲ್ಕು, ಎರಡು ಅಂತ ಇಳಿಯತೊಡಗಿದರೆ ಏರುವ ಕೆಲಸ ಮುಗಿಯುತ್ತಾ ಬಂತು ಅಂತ ಅರ್ಥ. ಅದೇ ದಿನಗಳಲ್ಲಿ ಬುಡ ಸುತ್ತಿದ ಪೊರೆಗಳು ಸೊರಗಿ ಒಂದೊಂದಾಗಿ ಜಾರುತ್ತವೆ. ಕೊನೆಯ ಪೊರೆ ಬಿದ್ದ ಮೇಲೆ ಹೊದಿಕೆಯ ಅಂಚು ದಿಂಡಿನಿಂದ ಒಂಚೂರು ಸಡಿಲವಾಗುತ್ತದೆ. ಮಡಿಕೆಯ ಸಂದಿನಲ್ಲಿ ಬೀಟ್‌ರೂಟ್ ಬಣ್ಣ ಇಣುಕುತ್ತದೆ. ಆಗ ಮನೆಗೆ ಫೋನ್ ಮಾಡಿ ಇವತ್ತು ಊಟಕ್ಕೆ ಕಾಯಬೇಡಿ ಅಂತ ಹೇಳಬಹುದು.

ಇಷ್ಟೆಲ್ಲ ಆದರೂ ಅರಳದೆ ಹೋಗಬಹುದು. 2015ರ ಆಗಸ್ಟಿನಲ್ಲಿ ಷಿಕಾಗೊ ಬೊಟಾನಿಕ್ ಗಾರ್ಡನ್‌ನಲ್ಲಿ ಸ್ಪೈಕ್ ಎಂಬ ಹೆಸರಿನ ಗಿಡಕ್ಕೆ ಹಾಗಾಯಿತು. ಜನ ಸಾಲುಗಟ್ಟಿದ್ದರು, ಕ್ಯಾಮೆರಾ ಹಗಲೂ ರಾತ್ರಿ ಓಡುತ್ತಿತ್ತು. ಮೊಗ್ಗು ಅಲ್ಲೇ ನಿಂತುಬಿಟ್ಟಿತು. ಬಿಚ್ಚಿಕೊಳ್ಳುವಷ್ಟು ಶಕ್ತಿ ಗಿಡದಲ್ಲಿ ಉಳಿದಿರಲಿಲ್ಲ. ತಿಂಗಳ ಕೊನೆಗೆ ಅಲ್ಲಿನ ತಜ್ಞರು ಜನರ ಮುಂದೆಯೇ ಹೊದಿಕೆಯನ್ನು ಚಾಕುವಿನಿಂದ ಕತ್ತರಿಸಿ ತೆಗೆದರು. ಬಹಳ ಜನ ಇದನ್ನು ಸೋಲು ಅಂದರು. ಕಸುಬಿನವರಿಗೆ ಹಾಗೆ ಕಾಣಲಿಲ್ಲ. ಒಳಗಿನ ಪರಾಗ ಅವರ ಕೈಗೆ ಸಿಕ್ಕಿತ್ತು. ಸೆಪ್ಟೆಂಬರ್ ಕೊನೆಗೆ ಅದೇ ತೋಟದ ಇನ್ನೊಂದು ಗಿಡ, ಆಲಿಸ್, ಚೆನ್ನಾಗಿಯೇ ಅರಳಿತು.

ಅರಳುವುದು ಸಾಮಾನ್ಯವಾಗಿ ಮಧ್ಯಾಹ್ನ ಕಳೆದ ಮೇಲೆ. ಸಂಜೆ ಹೊದಿಕೆ ಮೆಲ್ಲಗೆ ಹರಡುತ್ತದೆ, ನಡುರಾತ್ರಿಯ ಹೊತ್ತಿಗೆ ಪೂರ್ತಿ ಬಿಚ್ಚುತ್ತದೆ. ಕತ್ತಲಾದಂತೆ ದಿಂಡು ಬಿಸಿಯಾಗುತ್ತದೆ. ಜರ್ಮನಿಯ ಬಾನ್ ನಗರದಲ್ಲಿ ಶಾಖ ತೋರಿಸುವ ಕ್ಯಾಮೆರಾ ಇಟ್ಟು ನೋಡಿದಾಗ ಸುಮಾರು 36 ಡಿಗ್ರಿ ಕಂಡಿತ್ತು, ನಮ್ಮ ಮೈ ಬಿಸಿಯ ಹತ್ತಿರ ಹತ್ತಿರ. ವಾಸನೆಯೂ ಒಂದೇ ಸಮ ಬರುವುದಿಲ್ಲ. ಕುಕ್ಕರ್ ಸೀಟಿ ಹೊಡೆದ ಹಾಗೆ ಒಂದು ಸಲ ಗಪ್ಪಂತ ಬಂದು, ನಿಂತು, ಮತ್ತೆ ಬರುತ್ತದೆ. ಸತ್ತ ಇಲಿ, ಕೊಳೆತ ಎಲೆಕೋಸು, ಹಳೇ ಮೀನು, ಬೆವರಿನ ಸಾಕ್ಸ್, ಒಬ್ಬೊಬ್ಬರ ಮೂಗಿಗೆ ಒಂದೊಂದು. ಅದರಲ್ಲಿ ಮುಖ್ಯವಾದದ್ದು ಡೈಮೀಥೈಲ್ ಟ್ರೈಸಲ್ಫೈಡ್ ಎಂಬ ಗಂಧಕದ ರಾಸಾಯನಿಕ. ಹೆಣಕ್ಕೆ ಬರುವ ಜೀರುಂಡೆ, ನೊಣಗಳು ಇದನ್ನು ನಂಬಿ ಬರುತ್ತವೆ.

ತೊಡಕಿರುವುದು ಮುಂದೆ. ಮೊದಲ ರಾತ್ರಿ ತಯಾರಾಗಿರುವುದು ಹೆಣ್ಣು ಹೂಗಳು ಮಾತ್ರ. ಅವುಗಳ ಮೇಲೆಯೇ ಗಂಡು ಹೂಗಳ ಪಟ್ಟಿ ಇದ್ದರೂ ಅವು ಪರಾಗ ಬಿಡುವುದು ಮರುದಿನ, ಅಷ್ಟರಲ್ಲಿ ಹೆಣ್ಣು ಹೂಗಳ ಹೊತ್ತು ಮೀರಿರುತ್ತದೆ. ತನ್ನ ಪರಾಗ ತನಗೇ ಬೀಳದಿರಲಿ ಅಂತ ಗಿಡ ಮಾಡಿಕೊಂಡ ಏರ್ಪಾಡು. ಕಾಡಿನಲ್ಲಿ ಇದು ಸರಿ, ಅಕ್ಕಪಕ್ಕ ಇನ್ನೊಂದು ಗಿಡ ಒಂದು ದಿನ ಮೊದಲು ಅರಳಿದ್ದರೆ ಜೀರುಂಡೆ ಅಲ್ಲಿಂದ ಹೊತ್ತು ತರುತ್ತದೆ. ಗಾಜಿನಮನೆಯಲ್ಲಿ ಒಂಟಿ ಗಿಡ. ಕೆಲವು ವರ್ಷಕ್ಕೊಮ್ಮೆ ಒಂದು ರಾತ್ರಿ. ಆ ರಾತ್ರಿ ಕೈಯಲ್ಲಿ ಬೇರೆ ಗಿಡದ ಪರಾಗ ಇಲ್ಲದಿದ್ದರೆ ಎಲ್ಲ ಬರೀ ತೋರಿಕೆ.

ಹಾಗಾಗಿ ಮೊಗ್ಗು ಕಂಡ ಕೂಡಲೇ ನಾವು ಮಾಡುವ ಮೊದಲ ಕೆಲಸ ಬೇರೆ ತೋಟಗಳಿಗೆ ಪತ್ರ ಬರೆಯುವುದು. ನಿಮ್ಮಲ್ಲಿ ಈಚೆಗೆ ಅರಳಿತ್ತಾ? ಪರಾಗ ಉಳಿದಿದೆಯಾ? ಒಣಗಿಸಿ ಫ್ರೀಜರಿನಲ್ಲಿಟ್ಟ ಪರಾಗಕ್ಕೆ ಆಯಸ್ಸು ಜಾಸ್ತಿ, ಹೊರಗಿಟ್ಟರೆ ಬೇಗ ಹಾಳು. ಪುಟ್ಟ ಟ್ಯೂಬಿನಲ್ಲಿ ಒಂದು ಚಮಚೆಯಷ್ಟು ಹಳದಿ ಪುಡಿ ಕೊರಿಯರಿನಲ್ಲಿ ಬರುತ್ತದೆ. ಮೊದಲ ರಾತ್ರಿ ಜನ ಕರಗಿದ ಮೇಲೆ ಹೊದಿಕೆಯ ಬುಡದಲ್ಲಿ ಚೌಕಾಕಾರದ ಕಿಟಕಿ ಕತ್ತರಿಸುತ್ತೇವೆ. ಒಳಗೆ ಕೈ ಹಾಕಿ ಟಾರ್ಚ್ ಹಿಡಿದರೆ ಹೆಣ್ಣು ಹೂಗಳು ಸಾಲುಸಾಲಾಗಿ ಕಾಣುತ್ತವೆ: ಕೆಳಗೆ ಕಡು ನೇರಳೆ, ತುದಿಯಲ್ಲಿ ಅಂಟಂಟಾದ ತಿಳಿ ಹಳದಿ ಗುಂಡಿ. ಮೆತ್ತನೆ ಬ್ರಷ್ಷಿನಿಂದ ಒಂದೊಂದಕ್ಕೂ ಪುಡಿ ಹಚ್ಚಬೇಕು. ಬೆನ್ನು ಬಗ್ಗಿಸಿ, ಮೂಗು ಅಲ್ಲೇ ಇಟ್ಟುಕೊಂಡು. ವಾಸನೆಗೆ ಅರ್ಧ ಗಂಟೆಯಲ್ಲಿ ಮೂಗು ಸೋತು ಸುಮ್ಮನಾಗುತ್ತದೆ. ಮರುದಿನ ಸಂಜೆ ಅದೇ ಕಿಟಕಿಯಿಂದ ನಮ್ಮ ಗಿಡದ ಪರಾಗ ಎತ್ತಿಟ್ಟುಕೊಳ್ಳುತ್ತೇವೆ. ಮುಂದಿನ ತೋಟ ಕೇಳಿದಾಗ ಕೊಡಲು ಬೇಕಲ್ಲ.

ಬೀಜವನ್ನೇ ಡಬ್ಬಿಯಲ್ಲಿ ಹಾಕಿ ಇಟ್ಟುಕೊಳ್ಳಬಹುದಲ್ವಾ ಅನ್ನಬಹುದು. ಆಗುವುದಿಲ್ಲ. ಹಲಸಿನ ಬೀಜದಂತೆಯೇ ಇದು ಒಣಗಿದರೆ ಸಾಯುವ ಬೀಜ. ಬೀಜಬ್ಯಾಂಕಿನಲ್ಲಿ ಉಳಿಯದು. ಉಳಿಸಬೇಕಾದರೆ ಜೀವಂತ ಗಿಡವಾಗಿಯೇ ಉಳಿಸಬೇಕು. ಸುಮಾತ್ರಾದಲ್ಲಿ ಕಾಡು ಕಡಿದು ತಾಳೆ ಎಣ್ಣೆ ತೋಟ ಮಾಡುತ್ತಾ ಬಂದಿದ್ದಾರೆ. ಬೀಜ ಹರಡುವ ಮಂಗಟ್ಟೆ ಹಕ್ಕಿಗಳೂ ಕಡಿಮೆಯಾಗಿವೆ. 2018ರಲ್ಲಿ ಈ ಗಿಡವನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಲಾಯಿತು. ಕಾಡಿನಲ್ಲಿ ಸಾವಿರಕ್ಕಿಂತ ಕಡಿಮೆ ಉಳಿದಿವೆ ಎಂಬುದು ಅಂದಾಜು.

ತೋಟಗಳಲ್ಲಿ ಗಿಡಗಳ ಸಂಖ್ಯೆಗೇನೂ ಕೊರತೆ ಇಲ್ಲ. ಆದರೆ ಎಷ್ಟೋ ಗಿಡಗಳು ಹತ್ತಿರದ ಸಂಬಂಧಿಗಳು. ಒಂದೇ ಹಣ್ಣಿನ ಗೊಂಚಲಿನ ಬೀಜಗಳು ನಾಲ್ಕು ದೇಶಕ್ಕೆ ಹಂಚಿಹೋಗಿರುತ್ತವೆ. ಹತ್ತು ವರ್ಷದ ಮೇಲೆ ಅಣ್ಣತಂಗಿಯರ ನಡುವೆಯೇ ಪರಾಗಸ್ಪರ್ಶ ಆಗುತ್ತದೆ, ಯಾರಿಗೂ ಗೊತ್ತಿರುವುದಿಲ್ಲ. ಅಂಥ ಬೀಜಗಳಿಂದ ಹಸಿರೇ ಇಲ್ಲದ ಬಿಳಿ ಸಸಿಗಳು ಹುಟ್ಟಿ ಸತ್ತದ್ದೂ ಇದೆ. ನನ್ನ ಸಿಟ್ಟು ಇರುವುದು ಇಲ್ಲಿ. ಗಿಡಕ್ಕೆ ತಮಾಷೆಯ ಹೆಸರಿಡುತ್ತೇವೆ, ಟೀ ಶರ್ಟ್ ಮಾಡಿಸುತ್ತೇವೆ. ಅದರ ತಾಯಿ ಯಾರು, ಪರಾಗ ಎಲ್ಲಿಂದ ಬಂತು ಅಂತ ಒಂದು ಸಾಲು ಬರೆದಿಡುವುದಿಲ್ಲ. ಟ್ಯಾಗು ಕಳೆದ ಗಡ್ಡೆ ಎಷ್ಟೇ ದೊಡ್ಡದಿದ್ದರೂ ಉಳಿಸುವ ಕೆಲಸಕ್ಕೆ ಅರ್ಧ ಮಾತ್ರ ಉಪಯೋಗ.

ಹೆಸರಿಡುವುದು ತಪ್ಪು ಅಂತಲ್ಲ. 2025ರ ಜನವರಿಯಲ್ಲಿ ಸಿಡ್ನಿಯ ರಾಯಲ್ ಬೊಟಾನಿಕ್ ಗಾರ್ಡನ್‌ನಲ್ಲಿ ಪ್ಯೂಟ್ರಿಷಿಯಾ ಎಂಬ ಹೆಸರಿನ ಟೈಟಾನ್ ಗಿಡ ಅರಳಿದಾಗ ಸಾವಿರಾರು ಜನ ಸಾಲು ನಿಂತರು, ಲಕ್ಷಾಂತರ ಜನ ಮನೆಯಲ್ಲೇ ಕೂತು ನೇರಪ್ರಸಾರ ನೋಡಿದರು. ಏನೂ ಆಗದ ಒಂದು ಮೊಗ್ಗನ್ನು ಗಂಟೆಗಟ್ಟಲೆ ನೋಡಿದರು! ಗಿಡವೊಂದಕ್ಕೆ ಇಷ್ಟು ಗಮನ ಇನ್ಯಾವಾಗ ಸಿಗುತ್ತದೆ?

ಪರಾಗ ಸಿಕ್ಕರೂ ಹಚ್ಚಬೇಕೋ ಬೇಡವೋ ಎಂಬ ಪ್ರಶ್ನೆ ಉಳಿಯುತ್ತದೆ. ಕಾಯಿ ಕಟ್ಟಿ ಹಣ್ಣಾಗಲು ತಿಂಗಳುಗಟ್ಟಲೆ ಬೇಕು. ಅಷ್ಟೂ ದಿನ ಎಲೆ ಇಲ್ಲ, ಗಡ್ಡೆ ತನ್ನ ಗಂಟನ್ನೇ ಕರಗಿಸಬೇಕು. ಹಣ್ಣು ಕೊಟ್ಟು ಗಡ್ಡೆ ಸತ್ತ ಉದಾಹರಣೆಗಳಿವೆ. ಮೊದಲ ಸಲ ಅರಳಿದ ಸಣ್ಣ ಗಡ್ಡೆಯಾದರೆ ನಾನು ಬೇಡ ಅನ್ನುತ್ತೇನೆ. ಪರಾಗ ಮಾತ್ರ ತೆಗೆದುಕೊಂಡು ಬಿಟ್ಟುಬಿಡುತ್ತೇನೆ. ಇದರಲ್ಲಿ ನನ್ನ ಸಹೋದ್ಯೋಗಿಗಳಿಗೂ ನನಗೂ ಒಮ್ಮತ ಇಲ್ಲ.

ಒಮ್ಮೆ ಸಾಲಿನಲ್ಲಿ ಶಿವಮೊಗ್ಗ ಕಡೆಯ ಅಮ್ಮ ಒಬ್ಬರು ಬಂದಿದ್ದರು, ಮಗನ ಮನೆಗೆ ಬಂದವರು. ನಾನು ಕನ್ನಡದವನು ಅಂತ ಗೊತ್ತಾದದ್ದೇ ದನಿ ತಗ್ಗಿಸಿ ಕೇಳಿದರು, "ಅಲ್ಲಪ್ಪಾ, ಇದು ನಮ್ ಸುವರ್ಣಗಡ್ಡೆ ಹೂವಲ್ವಾ?"

"ಅದರ ಅಣ್ಣ ಅಮ್ಮಾ. ಒಂದೇ ಕುಲ."

"ಹಂಗಾದ್ರೆ ಇದಕ್ಕೆ ಯಾಕಪ್ಪಾ ಟಿಕೇಟು?"

ನ್ಯಾಯವಾದ ಪ್ರಶ್ನೆ. ಸುವರ್ಣಗಡ್ಡೆ ಕೂಡ ಅಮಾರ್ಫೋಫ್ಯಾಲಸ್ ಕುಲದ್ದೇ. ಒಂದೇ ಎಲೆ, ಮಲಗುವ ಗಡ್ಡೆ, ಹೆಣ್ಣು ಮೊದಲು ಗಂಡು ಆಮೇಲೆ, ಅದೇ ಸತ್ತ ಇಲಿಯ ವಾಸನೆ. ಮಲೆನಾಡು, ಕರಾವಳಿಯಲ್ಲಿ ಮುಂಗಾರಿಗೆ ಮುಂಚಿನ ಮಳೆ ಬಿದ್ದಾಗ ಗೊಬ್ಬರಗುಂಡಿಯ ಪಕ್ಕವೋ ಬೇಲಿಯ ಬುಡದಲ್ಲೋ ಏಳುತ್ತದೆ. ಆಗ ನನಗೂ ವಾಟ್ಸಾಪಿನಲ್ಲಿ ಫೋಟೊಗಳು ಬರುತ್ತವೆ, ಜಗತ್ತಿನ ಅಪರೂಪದ ಹೂವು ನಮ್ಮ ಹಿತ್ತಲಲ್ಲಿ ಅಂತ. ಗದ್ದೆಯಲ್ಲಿ ಬೆಳೆಯುವವರು ಹೂವಿನವರೆಗೆ ಬಿಡದೆ ಗಡ್ಡೆ ಕೀಳುವುದರಿಂದ ನೋಡಿದವರು ಕಡಿಮೆ, ಅಷ್ಟೆ.

ನಿಮ್ಮ ಹಿತ್ತಲಲ್ಲಿ ಸಿಕ್ಕರೆ ಕಿತ್ತು ಎಸೆಯುವ ಮೊದಲು ಒಳಗೆ ನೋಡಿ. ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ, ರಸ ತಾಗಿದರೆ ತುರಿಸುತ್ತದೆ. ಬ್ಲೇಡಿನಿಂದ ಹೊದಿಕೆಯ ಬುಡ ಕತ್ತರಿಸಿ. ಕೆಳಗಿನ ಪಟ್ಟಿ ಹೆಣ್ಣು, ಅದರ ಮೇಲಿನದು ಗಂಡು, ಅದಕ್ಕೂ ಮೇಲೆ ಇರುವ ಸುಕ್ಕುಸುಕ್ಕಾದ ಕಂದು ಗುಡ್ಡೆ ವಾಸನೆಯ ಕಾರ್ಖಾನೆ. ಅರಳಿದ ಮೊದಲ ಸಂಜೆ ಗಂಡು ಪಟ್ಟಿಯನ್ನು ಮುಟ್ಟಿದರೆ ಬೆರಳಿಗೆ ಏನೂ ಹತ್ತುವುದಿಲ್ಲ. ಮರುದಿನ ಮುಟ್ಟಿ ನೋಡಿ, ಹಳದಿ ಪುಡಿ ಹತ್ತುತ್ತದೆ.