ಕೂತಾಗ 96, ನಡೆದಾಗ 86: ಶ್ವಾಸಕೋಶದಲ್ಲಿ ಅನಿಲಗಳ ವಿಸರಣೆ

ಅರವತ್ತು ದಾಟಿದ ಗೃಹಿಣಿಯೊಬ್ಬರು ಮಗನೊಂದಿಗೆ ನಮ್ಮ ಹೊರರೋಗಿ ವಿಭಾಗಕ್ಕೆ ಬಂದಿದ್ದರು. ಮಗ ಜೇಬಿನಿಂದ, ರಕ್ತದಲ್ಲಿನ ಆಮ್ಲಜನಕದ ಮಟ್ಟವನ್ನು ಶೇಕಡಾವಾರು ತೋರಿಸುವ ಪಲ್ಸ್ ಆಕ್ಸಿಮೀಟರ್ ತೆಗೆದು ತಾಯಿಯ ಬೆರಳಿಗೆ ಸಿಕ್ಕಿಸಿ, "ನೋಡಿ ಡಾಕ್ಟ್ರೇ, 96 ಇದೆ. ಅಮ್ಮ ಸುಮ್ನೆ ಹೆದರ್ಕೊಂಡಿದಾರೆ" ಎಂದರು. ಆದರೆ ತಾಯಿಯ ದೂರಿಗೂ ಆ ಅಂಕಿಗೂ ತಾಳೆಯಾಗುತ್ತಿರಲಿಲ್ಲ. ಕೂತಿದ್ದಾಗ ಏನೂ ತೊಂದರೆಯಿಲ್ಲ, ಒಂದು ಮಹಡಿಯ ಮೆಟ್ಟಿಲು ಹತ್ತಿದರೆ ದಮ್ಮು ಕಟ್ಟುತ್ತದೆ, ಒಣಕೆಮ್ಮು ಆರು ತಿಂಗಳಿನಿಂದ ಬಿಟ್ಟಿಲ್ಲ ಎನ್ನುತ್ತಿದ್ದರು. ಬೆನ್ನಿನ ಕೆಳಭಾಗಕ್ಕೆ ಸ್ಟೆತಸ್ಕೋಪ್ ಇಟ್ಟು ದೀರ್ಘವಾಗಿ ಉಸಿರೆಳೆಯಲು ಹೇಳಿದಾಗ, ಚಪ್ಪಲಿಯ ವೆಲ್ಕ್ರೋ ಪಟ್ಟಿಯನ್ನು ಮೆಲ್ಲಗೆ ಬಿಡಿಸಿದಂಥ ಚರಚರ ಸದ್ದು ಎರಡೂ ಕಡೆ ಕೇಳಿಸಿತು. ಆಕ್ಸಿಮೀಟರನ್ನು ಬೆರಳಿನಲ್ಲೇ ಬಿಟ್ಟು, ಅವರನ್ನು ಮೂವತ್ತು ಮೀಟರಿನ ಕಾರಿಡಾರಿನಲ್ಲಿ ಆಚೀಚೆ ನಡೆಸಿದೆವು. ನಾಲ್ಕನೇ ನಿಮಿಷಕ್ಕೆ ಅಂಕಿ 86ಕ್ಕೆ ಇಳಿಯಿತು. ಯಂತ್ರ ಕೆಟ್ಟಿರಬೇಕೆಂದು ಮಗ ಅದನ್ನು ತಮ್ಮ ಬೆರಳಿಗೆ ಹಾಕಿಕೊಂಡು ನೋಡಿದರು, 98 ತೋರಿಸಿತು.

ಈ ಹತ್ತು ಅಂಕಿಗಳ ಕುಸಿತ ಅರ್ಥವಾಗಬೇಕಾದರೆ ಶ್ವಾಸಕೋಶದ ಒಳತುದಿಯಲ್ಲಿ ಏನು ನಡೆಯುತ್ತದೆ ಎಂಬುದನ್ನು ನೋಡಬೇಕು. ನಾವು ಎಳೆದುಕೊಂಡ ಗಾಳಿ ಶ್ವಾಸನಾಳದ ಕವಲುಗಳಲ್ಲಿ ಬೀಸುತ್ತಾ ಹೋಗುತ್ತದೆ. ಆದರೆ ಅತಿ ಸಣ್ಣ ಕವಲುಗಳನ್ನು ತಲುಪುವ ಹೊತ್ತಿಗೆ ಆ ಬೀಸು ಹೆಚ್ಚುಕಡಿಮೆ ನಿಂತುಹೋಗಿರುತ್ತದೆ. ಅಲ್ಲಿಂದ ಕವಲುಗಳ ತುದಿಯ ಪುಟ್ಟ ಚೀಲಗಳಾದ ಗಾಳಿಗೂಡುಗಳಿಗೂ, ಗಾಳಿಗೂಡಿನಿಂದ ರಕ್ತಕ್ಕೂ ಆಮ್ಲಜನಕ ಸಾಗುವುದು ವಿಸರಣೆಯಿಂದ, ಅಂದರೆ ಒತ್ತಡ ಹೆಚ್ಚಿರುವ ಕಡೆಯಿಂದ ಕಡಿಮೆಯಿರುವ ಕಡೆಗೆ ಅಣುಗಳು ತಾವಾಗಿಯೇ ಹರಡಿಕೊಳ್ಳುವುದರಿಂದ. 1855ರಲ್ಲಿ ಅಡಾಲ್ಫ್ ಫಿಕ್ ರೂಪಿಸಿದ ನಿಯಮವನ್ನು ಶ್ವಾಸಕೋಶಕ್ಕೆ ಅನ್ವಯಿಸಿದರೆ, ಗಾಳಿಗೂಡಿಗೂ ರಕ್ತಕ್ಕೂ ನಡುವಿನ ಪೊರೆಯ ವಿಸ್ತಾರ ಮತ್ತು ಎರಡು ಬದಿಯ ಒತ್ತಡದ ಅಂತರ ಹೆಚ್ಚಿದಷ್ಟೂ ಅನಿಲ ಬೇಗ ದಾಟುತ್ತದೆ, ಪೊರೆ ದಪ್ಪವಾದಷ್ಟೂ ನಿಧಾನವಾಗುತ್ತದೆ.

ಆರೋಗ್ಯವಂತರಲ್ಲಿ ಈ ಲೆಕ್ಕ ಬಹಳ ಧಾರಾಳವಾಗಿದೆ. ಪೊರೆಯ ಒಟ್ಟು ವಿಸ್ತಾರ ಸುಮಾರು 70 ಚದರ ಮೀಟರ್, ಎಂದರೆ ಎರಡು ಬೆಡ್‌ರೂಮಿನ ಸಾಧಾರಣ ಫ್ಲ್ಯಾಟಿನ ನೆಲದಷ್ಟು. ದಪ್ಪವಾದರೋ ಬಹುಪಾಲು ಕಡೆ ಅರ್ಧ ಮೈಕ್ರೋಮೀಟರಿನ ಆಸುಪಾಸು, ತಲೆಗೂದಲಿನ ನೂರನೇ ಒಂದು ಪಾಲೂ ಇಲ್ಲ. ಅಷ್ಟಗಲದ ಪೊರೆಯ ಹಿಂದೆ, ಅತಿ ಸಣ್ಣ ರಕ್ತನಾಳಗಳಾದ ಲೋಮನಾಳಗಳಲ್ಲಿ, ಯಾವುದೇ ಒಂದು ಕ್ಷಣದಲ್ಲಿ ಹರಡಿಕೊಂಡಿರುವ ರಕ್ತ ಒಂದು ಸಣ್ಣ ಲೋಟದ ಕಾಫಿಯಷ್ಟು ಮಾತ್ರ. ಸಮುದ್ರಮಟ್ಟದಲ್ಲಿ ಗಾಳಿಗೂಡಿನ ಆಮ್ಲಜನಕದ ಆಂಶಿಕ ಒತ್ತಡ (ಒಟ್ಟು ಒತ್ತಡದಲ್ಲಿ ಆಮ್ಲಜನಕದ ಪಾಲು) ಪಾದರಸದ 100 ಮಿ.ಮೀ. ಇದ್ದರೆ, ದೇಹ ಸುತ್ತಿ ಬಂದ ರಕ್ತದಲ್ಲಿ 40 ಮಿ.ಮೀ. ಇರುತ್ತದೆ. ವಿಶ್ರಾಂತಿಯಲ್ಲಿ ಒಂದು ಕೆಂಪು ರಕ್ತಕಣ ಲೋಮನಾಳವನ್ನು ದಾಟಲು ಮುಕ್ಕಾಲು ಸೆಕೆಂಡ್ ತೆಗೆದುಕೊಳ್ಳುತ್ತದೆ. ಆಮ್ಲಜನಕ ತುಂಬಿಕೊಳ್ಳುವ ಕೆಲಸವೋ ಮೊದಲ ಕಾಲು ಸೆಕೆಂಡಿನಲ್ಲೇ ಮುಗಿದಿರುತ್ತದೆ. ಉಳಿದ ಅರ್ಧ ಸೆಕೆಂಡ್ ಮೀಸಲು.

ನಮ್ಮ ರೋಗಿಯ ಕಾಯಿಲೆ ಅಡಗಿದ್ದುದು ಈ ಮೀಸಲಿನಲ್ಲೇ. ಪೊರೆ ಊದಿಕೊಂಡು ದಪ್ಪವಾದಾಗ ಕಾಲು ಸೆಕೆಂಡಿನ ಕೆಲಸಕ್ಕೆ ಅರ್ಧ ಸೆಕೆಂಡೋ ಅದಕ್ಕೂ ಹೆಚ್ಚೋ ಬೇಕಾಗುತ್ತದೆ. ಕೂತಿರುವವರೆಗೆ ಅದಕ್ಕೆ ಸಮಯ ಸಿಗುವುದರಿಂದ ಬೆರಳಿನ ಅಂಕಿ ಚೆನ್ನಾಗಿಯೇ ಕಾಣುತ್ತದೆ. ನಡೆಯತೊಡಗಿದೊಡನೆ ಹೃದಯ ರಕ್ತವನ್ನು ವೇಗವಾಗಿ ದೂಡುತ್ತದೆ, ಕಣಕ್ಕೆ ಸಿಗುವ ಕಾಲ ಕುಗ್ಗುತ್ತದೆ, ಅದು ಅರ್ಧ ತುಂಬಿಕೊಂಡೇ ಮುಂದೆ ಸಾಗುತ್ತದೆ. ಹಾಗೆಂದು ಆಮ್ಲಜನಕ ಕಡಿಮೆಯಾದಾಗಲೆಲ್ಲ ಪೊರೆಯನ್ನೇ ದೂರುವುದು ಸರಿಯಲ್ಲ; ವಿದ್ಯಾರ್ಥಿಗಳು ಬಹಳ ಸಲ ಮಾಡುವ ತಪ್ಪು ಇದು. ಗಾಯಗೊಂಡ ಶ್ವಾಸಕೋಶದಲ್ಲಿ ಗಾಳಿ ಒಂದು ಕಡೆಗೂ ರಕ್ತ ಇನ್ನೊಂದು ಕಡೆಗೂ ಹೆಚ್ಚಾಗಿ ಹೋಗುವ ಹೊಂದಾಣಿಕೆಯ ದೋಷ ವಿಶ್ರಾಂತಿಯಲ್ಲಿ ದೊಡ್ಡ ಪಾತ್ರ ವಹಿಸುತ್ತದೆ. ವಿಸರಣೆಯ ಕೊರತೆ ಮುಖ್ಯವಾಗಿ ಬಯಲಾಗುವುದು ಶ್ರಮಪಟ್ಟಾಗ ಅಥವಾ ಎತ್ತರದ ಪ್ರದೇಶಗಳಿಗೆ ಹೋದಾಗ.

ಇಂಗಾಲದ ಡೈಆಕ್ಸೈಡಿನ ಕತೆ ಬೇರೆ. ಅದು ದ್ರವದಲ್ಲಿ ಸುಲಭವಾಗಿ ಕರಗುವುದರಿಂದ ಅದೇ ಪೊರೆಯನ್ನು ಆಮ್ಲಜನಕಕ್ಕಿಂತ ಸುಮಾರು ಇಪ್ಪತ್ತು ಪಟ್ಟು ಸಲೀಸಾಗಿ ದಾಟುತ್ತದೆ, ಐದಾರು ಮಿ.ಮೀ. ಒತ್ತಡದ ಅಂತರವೇ ಅದಕ್ಕೆ ಸಾಕು. ಹೀಗಾಗಿ ಇಂಥ ರೋಗಿಗಳಲ್ಲಿ ಅದು ಏರುವುದಿರಲಿ, ಅವರು ಬೇಗಬೇಗ ಉಸಿರಾಡುವುದರಿಂದ ಎಷ್ಟೋ ಸಲ ಇಳಿದೇ ಇರುತ್ತದೆ.

ಆಮ್ಲಜನಕ ಬರೀ ವಿಸರಣೆಯಿಂದಲೇ ರಕ್ತ ಸೇರುತ್ತದೆ ಎಂಬುದು ಒಂದು ಕಾಲಕ್ಕೆ ವಿವಾದದ ವಿಷಯವಾಗಿತ್ತು. ಕೋಪನ್‌ಹೇಗನ್ನಿನ ಶರೀರಕ್ರಿಯಾ ವಿಜ್ಞಾನಿ ಕ್ರಿಶ್ಚಿಯನ್ ಬೋರ್, ಶ್ವಾಸಕೋಶ ಒಂದು ಗ್ರಂಥಿಯಂತೆ ಆಮ್ಲಜನಕವನ್ನು ರಕ್ತಕ್ಕೆ ಸ್ರವಿಸುತ್ತದೆ ಎಂದು ವಾದಿಸಿದ್ದರು. ಅವರದೇ ಶಿಷ್ಯ ಆಗಸ್ಟ್ ಕ್ರೋಗ್ ಮತ್ತು ವೈದ್ಯೆಯಾಗಿದ್ದ ಅವರ ಪತ್ನಿ ಮೇರಿ ಕ್ರೋಗ್ 1910ರಲ್ಲಿ ವಿಸರಣೆಯೊಂದೇ ಸಾಕೆಂದು ತೋರಿಸಿದರು. ಆದರೂ ಬ್ರಿಟನ್ನಿನ ಶರೀರಕ್ರಿಯಾ ವಿಜ್ಞಾನಿ ಜೆ.ಎಸ್. ಹಾಲ್ಡೇನ್ ಒಪ್ಪಲಿಲ್ಲ. ಕೊನೆಗೆ 1920ರಲ್ಲಿ ಕೇಂಬ್ರಿಜ್ಜಿನ ಜೋಸೆಫ್ ಬಾರ್‌ಕ್ರಾಫ್ಟ್ ಆಮ್ಲಜನಕ ಕಡಿಮೆ ಮಾಡಿದ ಗಾಜಿನ ಕೋಣೆಯೊಳಗೆ ಆರು ದಿನ ಕೂತು, ತಮ್ಮದೇ ಮಣಿಕಟ್ಟಿನ ಅಪಧಮನಿಯಿಂದ ರಕ್ತ ತೆಗೆಸಿ ಪರೀಕ್ಷಿಸಿದರು. ರಕ್ತದ ಆಮ್ಲಜನಕದ ಒತ್ತಡ ಗಾಳಿಗೂಡಿನದಕ್ಕಿಂತ ಕಡಿಮೆಯೇ ಇತ್ತು; ಸ್ರವಿಸುವುದು ನಿಜವಾಗಿದ್ದರೆ ಅದು ಹೆಚ್ಚಿರಬೇಕಿತ್ತು.

ಮೇರಿ ಕ್ರೋಗ್ 1915ರಲ್ಲಿ ವಿವರಿಸಿದ ವಿಧಾನದ ಮೇಲೆಯೇ ನಾವು ಇಂದು ಮಾಡುವ ಡಿಎಲ್‌ಸಿಒ ಪರೀಕ್ಷೆ, ಅಂದರೆ ಕಾರ್ಬನ್ ಮೊನಾಕ್ಸೈಡ್ ಬಳಸಿ ಶ್ವಾಸಕೋಶದ ವಿಸರಣಾ ಸಾಮರ್ಥ್ಯ ಅಳೆಯುವ ಪರೀಕ್ಷೆ, ನಿಂತಿದೆ. ರೋಗಿ ಉಸಿರನ್ನೆಲ್ಲ ಹೊರಹಾಕಿ, ಶೇ. 0.3ರಷ್ಟು ಕಾರ್ಬನ್ ಮೊನಾಕ್ಸೈಡ್ ಇರುವ ಗಾಳಿಯನ್ನು ಒಂದೇ ಸಲ ಎಳೆದುಕೊಂಡು, ಹತ್ತು ಸೆಕೆಂಡ್ ಉಸಿರು ಕಟ್ಟಿ ಬಿಡಬೇಕು. ವಿಷಾನಿಲವೆಂದು ರೋಗಿಗಳು ಗಾಬರಿಯಾಗುವುದುಂಟು. ಈ ಪ್ರಮಾಣ ಒಂದು ಉಸಿರಿಗೆ ಅಪಾಯಕಾರಿಯಲ್ಲ. ಹಿಮೋಗ್ಲೋಬಿನ್ ಈ ಅನಿಲವನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಹಿಡಿಯುವುದರಿಂದ, ಎಷ್ಟು ಒಳಸೇರಿತು ಎಂಬುದೇ ವಿಸರಣೆಯ ಅಳತೆಯಾಗುತ್ತದೆ. ಇದೇ ಕಾರಣಕ್ಕೆ ರಕ್ತಹೀನತೆಯಿದ್ದರೆ ಪೊರೆ ಚೆನ್ನಾಗಿದ್ದರೂ ಫಲಿತಾಂಶ ಕಡಿಮೆ ಬರುತ್ತದೆ. ಹಿಮೋಗ್ಲೋಬಿನ್ ಎಷ್ಟೆಂದು ತಿಳಿಯದೆ ಬಂದ ಡಿಎಲ್‌ಸಿಒ ವರದಿಯನ್ನು ನಾನು ಬದಿಗಿಡುತ್ತೇನೆ. ಬೆಳಿಗ್ಗೆ ಒಂದು ಬೀಡಿ ಸೇದಿ ಬಂದವರ ವರದಿಯನ್ನೂ ಅಷ್ಟೇ, ಏಕೆಂದರೆ ಅವರ ರಕ್ತದಲ್ಲಿ ಅದೇ ಅನಿಲ ಮೊದಲೇ ಕೂತಿರುತ್ತದೆ. ಅಸ್ತಮಾದಲ್ಲಿ ಈ ಅಳತೆ ಸಾಮಾನ್ಯವಾಗಿಯೇ ಉಳಿಯುತ್ತದೆ. ಗೂಡುಗಳ ಗೋಡೆಗಳೇ ಅಳಿಯುವ ಎಂಫಿಸೀಮಾದಲ್ಲಿ ವಿಸ್ತಾರ ನಷ್ಟವಾಗಿ ಇಳಿಯುತ್ತದೆ.

ಈ ಗೃಹಿಣಿಯ ಡಿಎಲ್‌ಸಿಒ ಇರಬೇಕಾದುದರ ಶೇ. 48ರಷ್ಟಿತ್ತು. ಎಚ್‌ಆರ್‌ಸಿಟಿ (ಶ್ವಾಸಕೋಶದ ಸೂಕ್ಷ್ಮ ಸಿ.ಟಿ. ಸ್ಕ್ಯಾನ್) ನೋಡಿದ ಮೇಲೆ ಮನೆಯ ವಿಚಾರ ಕೇಳಿದೆ. ನಾಲ್ಕನೇ ಮಹಡಿಯ ಬಾಲ್ಕನಿಯಲ್ಲಿ ದಿನಾ ಬೆಳಿಗ್ಗೆ ಪಾರಿವಾಳಗಳಿಗೆ ಜೋಳ ಹಾಕುತ್ತಿದ್ದರಂತೆ, ಹಿಕ್ಕೆ ಗುಡಿಸುವುದೂ ಅವರೇ. ಪಾರಿವಾಳದ ಹಿಕ್ಕೆ ಮತ್ತು ಗರಿಯ ಧೂಳಿಗೆ ಶ್ವಾಸಕೋಶ ತೋರುವ ಅತಿಪ್ರತಿಕ್ರಿಯೆಯೇ ಹೈಪರ್‌ಸೆನ್ಸಿಟಿವಿಟಿ ನ್ಯುಮೊನೈಟಿಸ್. 2017ರಲ್ಲಿ ಪ್ರಕಟವಾದ, ಭಾರತದ 1,084 ರೋಗಿಗಳ ದಾಖಲೆಯಲ್ಲಿ ಗಾಳಿಗೂಡುಗಳ ಗೋಡೆಯನ್ನು ಕಾಡುವ ಇಂಟರ್‌ಸ್ಟಿಷಿಯಲ್ ಶ್ವಾಸಕೋಶ ರೋಗಗಳ ಪೈಕಿ ಇದೇ ಅತಿ ದೊಡ್ಡ ಗುಂಪಾಗಿತ್ತು.

ಬಾಲ್ಕನಿಗೆ ಬಲೆ ಹಾಕಿಸಿ, ಸ್ಟೀರಾಯ್ಡ್ ಶುರು ಮಾಡಿ, ನಡೆದಾಡುವಾಗ ಬಳಸಲು ಆಮ್ಲಜನಕ ಬರೆದುಕೊಟ್ಟೆ. ಮೂಗಿನ ನಳಿಕೆಯಲ್ಲಿ ನಿಮಿಷಕ್ಕೆ 2 ಲೀಟರ್ ಕೊಟ್ಟರೆ ಎಳೆದುಕೊಳ್ಳುವ ಗಾಳಿಯಲ್ಲಿ ಆಮ್ಲಜನಕ ಶೇ. 21ರಿಂದ ಸುಮಾರು 28ಕ್ಕೆ ಏರುತ್ತದೆ. ಪೊರೆ ತೆಳ್ಳಗಾಗುವುದಿಲ್ಲ, ಆದರೆ ದೂಡುವ ಒತ್ತಡ ಹೆಚ್ಚುವುದರಿಂದ ಸಿಕ್ಕ ಅಲ್ಪ ಕಾಲದಲ್ಲೇ ರಕ್ತಕಣ ತುಂಬಿಕೊಳ್ಳುತ್ತದೆ.

ಮೂರು ತಿಂಗಳ ಬಳಿಕ ಅದೇ ಕಾರಿಡಾರಿನಲ್ಲಿ, ಆಮ್ಲಜನಕವಿಲ್ಲದೆ, ಆರನೇ ನಿಮಿಷಕ್ಕೆ 91 ಇತ್ತು. ಸಂತೋಷದಲ್ಲಿ ಅವರು, "ಕೇದಾರಕ್ಕೆ ಹೋಗಿ ಬರ್ಬಹುದಾ ಡಾಕ್ಟ್ರೇ?" ಎಂದು ಕೇಳಿದರು. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲೇ, ಉಸಿರಿನೊಂದಿಗೆ ಒಳಹೋಗುವ ಆಮ್ಲಜನಕದ ಒತ್ತಡ ಮಂಗಳೂರಿಗಿಂತ ಸುಮಾರು 15 ಮಿ.ಮೀ. ಕಡಿಮೆ, 3,500 ಮೀಟರ್ ದಾಟಿದ ಕೇದಾರದಲ್ಲಿ ಅದು ಸಮುದ್ರಮಟ್ಟದ ಮೂರನೇ ಎರಡು ಪಾಲಿಗಿಂತಲೂ ಕೆಳಗಿಳಿಯುತ್ತದೆ, ಅದರ ಮೇಲೆ ಏರುದಾರಿಯ ನಡಿಗೆ ಬೇರೆ. ಈ ವರ್ಷ ಬೇಡ ಎಂದೆ. ಮಗ ಈ ಸಲ ಆಕ್ಸಿಮೀಟರ್ ಹೊರತೆಗೆಯಲಿಲ್ಲ. ಧರ್ಮಸ್ಥಳಕ್ಕೆ ಹೋಗಬಹುದೇ ಎಂದು ಕೇಳಿದರು. ಹೋಗಿ ಬನ್ನಿ ಎಂದೆ.